ಅಚ್ಚಾಗುವವರೆಗೆ ಕೈ ಎತ್ತಬಾರದು

ವೈದ್ಯಕೀಯ ಸಮ್ಮೇಳನದಲ್ಲಿ ಹೇಳಿದ ಮಾತು ಸಂಶೋಧನಾ ಪತ್ರಿಕೆಯಲ್ಲಿ ಲೇಖನವಾಗಿ ಅಚ್ಚಾಗದಿದ್ದರೆ, ಅದನ್ನು ಯಾರೂ ಹೇಳಿಯೇ ಇಲ್ಲವೆಂದು ಆಸ್ಪತ್ರೆಯ ನಿಯಮ ಭಾವಿಸುತ್ತದೆ. ಹೇಳಿದವರಿಗೆ ಬಡ್ತಿಯಿಲ್ಲ. ಈ ನಿಯಮದಿಂದ ವೈದ್ಯವಿಜ್ಞಾನಕ್ಕೆ ಆಗಿರುವ ಲಾಭ ಅಪಾರ. ಅಂಥ ಒಂದು ಲಾಭದ ವಿವರ ಇಲ್ಲಿದೆ.

ಆಸ್ಪತ್ರೆಯ ಹಿಂದಿನ ಬೀದಿಯ ಕ್ಷೌರಿಕನ ಬಲಭುಜ ಬಿಗಿದುಕೊಂಡು ಕೈ ಮೇಲೆತ್ತಲು ಬಾರದಾಯಿತು. ಮೂಳೆ ವಿಭಾಗದ ಕಿರಿಯ ಡಾಕ್ಟರಮ್ಮ ಅವನಿಗೆ ಹೊಸ ಬಗೆಯ ವ್ಯಾಯಾಮ ಹೇಳಿಕೊಟ್ಟರು. ಅಷ್ಟರಲ್ಲಿ ಸಮ್ಮೇಳನ ಬಂತು. ಸಾರಾಂಶ ಕಳಿಸುವ ಗಡುವು ಚಿಕಿತ್ಸೆಗಿಂತ ಮೊದಲೇ ಮುಗಿಯುತ್ತಿದ್ದುದರಿಂದ, ಎಲ್ಲರೂ ಮಾಡುವಂತೆ, ಫಲಿತಾಂಶವನ್ನು ಮುಂಚಿತವಾಗಿ ಬರೆದು ಕಳಿಸಲಾಯಿತು: "ಆರನೆಯ ತಿಂಗಳಲ್ಲಿ ರೋಗಿಯು ಕೈಯನ್ನು ಪೂರ್ತಿ ಎತ್ತಿದನು." ಸಭೆ ಚಪ್ಪಾಳೆ ತಟ್ಟಿತು. ವಿಭಾಗದ ಮುಖ್ಯಸ್ಥರು ಲೇಖನಕ್ಕೆ ತಮ್ಮ ಹೆಸರನ್ನು ಮೊದಲಿಗೆ ಸೇರಿಸಿದರು.

ತೊಡಕಾದದ್ದು ಕ್ಷೌರಿಕನಿಂದ. ಅವನು ಎರಡನೆಯ ತಿಂಗಳಲ್ಲೇ ಕೈ ಎತ್ತಿಬಿಟ್ಟ.

"ಇಳಿಸಪ್ಪ, ಇಳಿಸು," ಎಂದು ಮುಖ್ಯಸ್ಥರು ಕೋಣೆಯ ಬಾಗಿಲು ಹಾಕಿದರು. "ಯಾರಾದ್ರೂ ನೋಡಿದ್ರಾ?"

"ನನ್ನ ಹೆಂಡ್ತಿ ನೋಡಿದ್ಲು ಸಾರ್. ಖುಷಿಪಟ್ಲು."

ಬೆಂಚಿನ ತುದಿಯಲ್ಲಿ ಕೂತಿದ್ದ ಹೆಂಡತಿ ಕೇಳಿದಳು, "ಬೇಗ ವಾಸಿ ಆದ್ರೆ ಒಳ್ಳೇದಲ್ವಾ?"

"ಒಳ್ಳೇದೇ ಕಣಮ್ಮ. ಆದ್ರೆ ಸಮ್ಮೇಳನದಲ್ಲಿ ಹೇಳಿದ್ದಕ್ಕೂ ಲೇಖನದಲ್ಲಿ ಬರೆದಿದ್ದಕ್ಕೂ ತಾಳೆ ಆಗ್ದಿದ್ರೆ ಪತ್ರಿಕೆಯವ್ರು ವಾಪಸ್ ಕಳಿಸ್ತಾರೆ. ಆಮೇಲೆ ಉತ್ತರ ಯಾರು ಬರೀತಾರೆ, ನೀವಾ?"



ಮಾರನೆಯ ದಿನ ಆದೇಶ ಹೊರಬಿತ್ತು: "ಲೇಖನವು ಅಚ್ಚಾಗುವವರೆಗೆ ಸದರಿ ಭುಜವು ಬಿಗಿದಿರತಕ್ಕದ್ದು. ತುರಿಕೆ ಮುಂತಾದ ಅನಿವಾರ್ಯ ಸಂದರ್ಭಗಳಲ್ಲಿ ಕೈಯನ್ನು ಕಿವಿಯ ಮಟ್ಟದವರೆಗೆ ಎತ್ತಬಹುದು. ಅದಕ್ಕೂ ಮೇಲಿನ ತುರಿಕೆಗೆ ಪೂರ್ವಾನುಮತಿ ಪಡೆಯತಕ್ಕದ್ದು."

ಕ್ಷೌರಿಕ ವಿಧೇಯ ಮನುಷ್ಯ. ವ್ಯಾಯಾಮ ನಿಲ್ಲಿಸಿ ಅಂಗಡಿಯ ಬಾಗಿಲಲ್ಲಿ ಕೈ ಕಟ್ಟಿ ಕೂತ. ಎದುರಿಗೆ ತಿರುಗುವ ಕುರ್ಚಿಗಳಿದ್ದ ಹೊಸ ಕ್ಷೌರದಂಗಡಿ ತೆರೆದಿತ್ತು. ಅವನ ಗಿರಾಕಿಗಳು ಒಬ್ಬೊಬ್ಬರಾಗಿ, ಅವನ ಮುಖ ನೋಡದೆ, ರಸ್ತೆ ದಾಟಿದರು.

ಹೆಂಡತಿ ಮತ್ತೆ ಆಸ್ಪತ್ರೆಗೆ ಹೋದಳು. ಆ ಹೊತ್ತಿಗೆ ಲೇಖಕರ ಸಾಲಿಗೆ ನಿರ್ದೇಶಕರೂ, ನಿರ್ದೇಶಕರ ಅಳಿಯನೂ, ಸಮ್ಮೇಳನಕ್ಕೆ ಕಾರು ಕೊಟ್ಟವರೂ ಸೇರಿದ್ದರು.

"ಭುಜ ನಮ್ಮನೆಯವ್ರದು. ಅವ್ರ ಹೆಸರೆಲ್ಲಿ ಸಾರ್?"

"ರೋಗಿಯ ಗುರುತು ಗುಟ್ಟಾಗಿಡ್ಬೇಕಮ್ಮ. ನಿಯಮ."

"ಹೋಗೋರು ಬರೋರೆಲ್ಲ 'ಇನ್ನೂ ಅಚ್ಚಾಗ್ಲಿಲ್ವಾ' ಅಂತ ಕೇಳ್ತಾರೆ. ಇನ್ನೆಂಥ ಗುಟ್ಟು?"

"ಅವ್ರ್ಯಾರೂ ಪತ್ರಿಕೆ ಓದಲ್ಲ, ಬಿಡಿ."

ಲೇಖನ ಓದಿ ಒಪ್ಪಿಗೆ ಕೊಡಬೇಕಾದ ಪತ್ರಿಕೆಯ ಪರೀಕ್ಷಕರೊಬ್ಬರು ಅದರಲ್ಲಿ ತಮ್ಮ ಹಳೆಯ ಲೇಖನಗಳನ್ನು ಉಲ್ಲೇಖಿಸಬೇಕೆಂದು ಸೂಚಿಸಿದರು. ಅವು ಮಂಡಿಯ ಬಗ್ಗೆ ಇದ್ದವು. ಉಲ್ಲೇಖಿಸಲಾಯಿತು. ಆಮೇಲೆ ಲೇಖನ ಅಚ್ಚಾಯಿತು, ಡಾಕ್ಟರಮ್ಮನಿಗೆ ಬಡ್ತಿಯಾಯಿತು, ಕ್ಷೌರಿಕನಿಗೆ ಕೈ ಎತ್ತಲು ಲಿಖಿತ ಅನುಮತಿ ಬಂತು.

ಕೈ ಏಳಲಿಲ್ಲ. ಅಷ್ಟು ತಿಂಗಳು ಆಡಿಸದೆ ಬಿಟ್ಟ ಭುಜ ಮೊದಲಿಗಿಂತ ಗಟ್ಟಿಯಾಗಿ ಬಿಗಿದಿತ್ತು.

ಮುಖ್ಯಸ್ಥರು ಅದನ್ನು ಅಲ್ಲಾಡಿಸಿ ನೋಡಿದರು. "ಅಚ್ಚಲ್ಲಿ ಪೂರ್ತಿ ಎದ್ದಿದೆಯಲ್ಲಪ್ಪ," ಎಂದರು. ಆಮೇಲೆ ಅವರ ಮುಖ ಅರಳಿತು. ವಾಸಿಯಾದ ಭುಜ ಮರಳಿ ಬಿಗಿದ ಬಗ್ಗೆ ಇದುವರೆಗೆ ಯಾರೂ ಬರೆದಿರಲಿಲ್ಲ.

ಕ್ಷೌರಿಕನ ಹೆಂಡತಿ ಬಡಗಿಯನ್ನು ಕರೆಸಿ ಅಂಗಡಿಯ ಕುರ್ಚಿಗಳ ಕಾಲುಗಳನ್ನು ಗೇಣುದ್ದಕ್ಕೆ ಕೊಯ್ಯಿಸಿದಳು. ಈಗ ಗಿರಾಕಿಗಳು ಮೊಣಕಾಲು ಎದೆಗೊತ್ತಿಕೊಂಡು ಕೂರುತ್ತಾರೆ. ಕ್ಷೌರಿಕ ಕೈ ಎತ್ತಬೇಕಾಗಿಲ್ಲ. ಮೊದಲು ನಕ್ಕವರು ಈಗ ಸರದಿಯಲ್ಲಿ ನಿಲ್ಲುತ್ತಾರೆ. ಎದುರಿನ ಅಂಗಡಿಯವನೂ ಒಂದು ಕುರ್ಚಿಯ ಕಾಲು ಕೊಯ್ಯಿಸಿದ್ದಾನೆ.

ಮುಂದಿನ ಸಮ್ಮೇಳನದ ಹಿಂದಿನ ದಿನ ಮುಖ್ಯಸ್ಥರೂ ಬಂದು ಕೆಳಗೆ ಕೂತರು.

"ಈ ಸಲ ಎಷ್ಟು ತಿಂಗಳಲ್ಲಿ ಬಿಗೀತು ಅಂತ ಹೇಳ್ಲಿ?"

"ನಿಮಗೆ ಅನುಕೂಲ ಆದಷ್ಟು ಸಾರ್," ಎಂದ ಕ್ಷೌರಿಕ. "ತಲೆ ಸ್ವಲ್ಪ ತಗ್ಗಿಸಿ."

ಮುಖ್ಯಸ್ಥರು ತಗ್ಗಿಸಿದರು.