ಅಂಗೈಯ ಸುಳ್ಳು ಕರೆ

ತಪ್ಪು ನನ್ನದೇ. ಇಷ್ಟು ಬೇಗ ಒಪ್ಪಿಕೊಳ್ಳುವುದು ನಮ್ಮ ಮನೆತನದಲ್ಲೇ ಇಲ್ಲ, ಆದರೆ ಸಾಕ್ಷಿಗಳು ಬಹಳ. ಕಡಗಂಚಿಯ ಯುನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮ ನರೋಣಾದ ಮಹಾದೇವಿಗೆ ಅವಳ ಅಪ್ಪ ಸಿದ್ದಣ್ಣ ಕಾಕಾನ ದನಿಯಲ್ಲಿ ಫೋನ್ ಮಾಡಿದವನು ನಾನೇ. ಅದೂ ಆಳಂದದ ನನ್ನ ಮೊಬೈಲ್ ಅಂಗಡಿಗೆ ರಿಪೇರಿಗೆಂದು ಬಂದಿದ್ದ ಕಾಕಾನ ಫೋನಿನಿಂದಲೇ! ಕಾಕಾ ಮಾತಿಗೆ ಮುಂಚೆ ಎರಡು ಸಲ ಕೆಮ್ಮುತ್ತಾನೆ, ನಾನೂ ಕೆಮ್ಮಿದೆ. "ಮಗಳೇ, ಲಗೂನ ಮನಿಗಿ ಬಾ" ಎಂದು ಇಟ್ಟುಬಿಟ್ಟೆ. ಪ್ರಯೋಗವನ್ನು ಅರ್ಧಕ್ಕೇ ಬಿಟ್ಟು ಅವಳು ಓಡಿಬಂದಾಗ ಕಾಕಾ ಕಟ್ಟೆಯ ಮೇಲೆ ಕುಳಿತು ಚುರಮುರಿಯ ಸುಸಲಾ ತಿನ್ನುತ್ತಿದ್ದ. "ಯಾಕವ್ವಾ, ಯುನಿವರ್ಸಿಟಿ ಮುಚ್ಚಿಬಿಟ್ರೇನು?" ಎಂದು ಕೇಳಿದನಂತೆ. ನನಗೆ ಅವಳನ್ನು ನೋಡಬೇಕೆನಿಸಿತ್ತು, ಅಷ್ಟೇ. ಹಾಗೆಂದು ಹೇಳಲು ಊರಿನವರೆಲ್ಲರ ದನಿ ನನ್ನ ಬಳಿ ಇತ್ತು, ನನ್ನದೊಂದನ್ನು ಬಿಟ್ಟು.

ನೋಡಬೇಕೆನಿಸಲು ಕಾರಣವೂ ಇದೆ. ನನ್ನ ಅಂಗೈಗೆ ಇಸಬು. ಥಿನ್ನರ್‌ನಲ್ಲಿ ಫೋನ್ ಒರೆಸಿ ಒರೆಸಿ ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿದೆ. ಗಿರಾಕಿಗಳು ಫೋನನ್ನು ನನ್ನ ಕೈಗೆ ಕೊಡದೆ, ಚೇಳು ಬಿಟ್ಟಂತೆ ಮೇಜಿನ ಮೇಲೆ ಬಿಡುತ್ತಾರೆ. ಮಹಾದೇವಿ ಒಬ್ಬಳೇ, "ಇದು ಒಬ್ಬರಿಂದ ಒಬ್ಬರಿಗಿ ಹತ್ತೂದಲ್ಲಲೇ" ಎನ್ನುತ್ತ ಅಂಗೈ ಹಿಡಿದು, ಪಂಚಾಂಗ ನೋಡುವಂತೆ ತಿರುವಿ ತಿರುವಿ ನೋಡುತ್ತಿದ್ದಳು. ಅವಳ ಸಂಶೋಧನೆಯೇ ಇಂಥ ಚರ್ಮರೋಗದ ಮೇಲೆ. ಅದೃಷ್ಟ ನೋಡಿ, ನನ್ನ ರೋಗಕ್ಕಾದರೂ ಅವಳ ಪುಸ್ತಕದಲ್ಲಿ ಜಾಗವಿತ್ತು.

ಸುಳ್ಳು ಕರೆಯ ದಿನ, ಫೋನು ನನ್ನಲ್ಲಿ ರಿಪೇರಿಗಿದೆಯೆಂದು ತಿಳಿದದ್ದೇ ತಡ, ಕಾಕಾನ ಮನೆಯಿಂದ ನೇರವಾಗಿ ಅಂಗಡಿಗೇ ಬಂದಳು. "ನಿನ್ನ ಅಂಗೈನೂ ನಿನ್ನಂಗೇ ಅದಲೇ ಶರಣ್ಯಾ! ಕಾವಲಿಗಿರೋ ಜೀವಕೋಶಗಳು ಕಳ್ಳ ಬರದಿದ್ರೂ ಕಳ್ಳ ಬಂದ, ಕಳ್ಳ ಬಂದ ಅಂತ ಒಂದಕ್ಕೊಂದು ಸಿಗ್ನಲ್ ಕಳಸ್ತಾವ. ಉಳದವು ನಂಬಿ ಓಡಿ ಬರ್ತಾವ. ಚರ್ಮ ಉರೀತದ, ತುರಸ್ತದ. ಥೇಟ್ ನಾ ಓಡಿ ಬಂದಂಗ!"

"ನರೋಣಾದಾಗ ಮಾಳಿಗಿ ಏರಿದ್ರೂ ಸಿಗ್ನಲ್ ಸಿಗೂದಿಲ್ಲ, ನನ್ನ ಅಂಗೈಯಾಗ ಹ್ಯಾಂಗ ಬಂತು?" ಎಂದೆ. ಅವಳು ನಗಲಿಲ್ಲ. ಹೆದರಿ ಮದ್ದು ಕೇಳಿದೆ.

"ಹೊಸ ಔಷಧ ಬಂದಾವ. ಕೆಲವು ಆ ಸುದ್ದಿ ಕೇಳೋ ಕಿವಿನೇ ಮುಚ್ಚತಾವ, ಕೆಲವು ಕೇಳಿದ ಸುದ್ದಿ ಒಳಗ ಮುಟ್ಟದಂಗ ತಡೀತಾವ. ನಿನಗ ಯಾವುದು ಬೇಕಂತ ಚರ್ಮದ ಡಾಕ್ಟರ್ ಹೇಳ್ತಾರ. ನಾನೂ ಈಗ ಅದನ್ನೇ ಮಾಡ್ತೇನಿ, ನೋಡು" ಎಂದವಳೇ, ನನ್ನೆದುರೇ ನನ್ನ ನಂಬರನ್ನು ಬ್ಲಾಕ್ ಮಾಡಿದಳು.

ಕಲಬುರಗಿಯ ಚರ್ಮದ ಡಾಕ್ಟರು ಸದ್ಯ ಮುಲಾಮು, ಕೈಗವಸು ಕೊಟ್ಟು, ಅದಕ್ಕೆ ಬಗ್ಗದಿದ್ದರೆ ಹೊಸದನ್ನು ನೋಡೋಣವೆಂದರು. ತುರಿಕೆ ತಗ್ಗಿತು. ಆದರೆ ಹತ್ತಾರು ಫೋನುಗಳಿಗೆ ಜೀವ ತುಂಬುವವನ ಫೋನು ಮಾತ್ರ ಸತ್ತಂತೆ ಬಿದ್ದಿರುತ್ತಿತ್ತು. ಕಡಗಂಚಿಯ ಕಡೆಯಿಂದ ಬಸ್ಸು ಬಂದಾಗಲೆಲ್ಲ ಸ್ಕ್ರೂ ಕೈಜಾರಿ ಬೀಳುತ್ತಿತ್ತು. ಅವಳ ದನಿಯೂ ನನಗೆ ಬರುತ್ತದೆ. ಒಮ್ಮೆ ಅಂಗಡಿಯಲ್ಲಿ ಯಾರೂ ಇಲ್ಲದಾಗ, "ಲೇ ಶರಣ್ಯಾ" ಎಂದು ನನ್ನನ್ನು ನಾನೇ ಕರೆದುಕೊಂಡೆ. ದನಿ ಒಂದಿಷ್ಟೂ ತಪ್ಪಿರಲಿಲ್ಲ, ಕರೆದವಳು ಇರಲಿಲ್ಲ.

ದಸರೆ ಬಂತು. ಬನ್ನಿ ಎಲೆಯನ್ನು ಬಂಗಾರವೆಂದು ಕೈಯಿಂದ ಕೈಗೆ ಕೊಟ್ಟು, ಹಳೆಯ ಜಗಳ ಮರೆಯುವ ಸಂಜೆ ಅದು. ನನ್ನ ಕೈ ಕಂಡ ಹಿರಿಯರು, "ಅಲ್ಲೇ ಕಟ್ಟಿ ಮ್ಯಾಲ ಇಡಪಾ, ತಗೋತೇವಿ" ಎನ್ನುತ್ತಿದ್ದರು. ನಗುತ್ತಲೇ ಇಡುತ್ತ ಬಂದೆ. ಅಷ್ಟರಲ್ಲಿ ಮಹಾದೇವಿ ಎದುರು ನಿಂತಳು. ಕ್ಷಮೆ ಕೇಳಲೆಂದು ತಹಶೀಲ್ದಾರರ ದನಿ, ಕಂಡಕ್ಟರನ ದನಿ, ಸ್ವಾಮಿಗಳ ದನಿ ಎಲ್ಲವನ್ನೂ ತಾಲೀಮು ಮಾಡಿಟ್ಟಿದ್ದೆ. ಒಂದೂ ಬರಲಿಲ್ಲ. ಒಡೆದ ನನ್ನ ದನಿಯೇ ಬಂತು: "ತಪ್ಪಾತು ಮಹಾದೇವಿ. ನಿನ್ನ ನೋಡಬೇಕನ್ನಿಸಿತ್ತು, ಅದಕ್ಕ ಹಂಗ ಮಾಡಿದೆ. ಬಂಗಾರ ತಗೊಂಡು ಬಂಗಾರದಂಗ ಇರೋಣು. ಖರೇ ಹೇಳ್ತೇನಿ, ಇನ್ನ ಮ್ಯಾಲ ಯಾರ ದನಿನೂ..." ಎನ್ನುತ್ತ, ರೂಢಿಯಂತೆ ಎಲೆಗಳನ್ನು ಕಟ್ಟೆಯ ಮೇಲಿಡಲು ಬಾಗಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಒಮ್ಮೆ ಕೈ ಕೊಟ್ಟದ್ದು ಸಾಕು. ಈಗ ಖರೇನ ಕೈ ಕೊಡು, ಬಾಯಿ ಮುಚ್ಚು."