ನಮ್ಮ ಹಾಯಿದೋಣಿಯೂ ಕ್ವಾರಿ ಸರಪಳಿಯೂ

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಬಿ.ಎಸ್ಸಿ., ಭೌತಶಾಸ್ತ್ರ, ಎರಡನೇ ದರ್ಜೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ!

ಆ ಡಿಗ್ರಿ ನನ್ನೊಬ್ಬನದಲ್ಲ. ಅದರಲ್ಲಿ ಅರ್ಧ ನಮ್ಮಣ್ಣ ಕೆಂಪಣ್ಣನದು. ಅವನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ನೇಗಿಲು ಹಿಡಿದ. ನಾನು ಮಾಗಡಿಯ ಹಾಸ್ಟೆಲಿನಲ್ಲಿ ಮುದ್ದೆ ತಿಂದು ಓದಿದೆ. ಅದಕ್ಕೂ ಮೊದಲು, ಕಲ್ಯದ ಹತ್ತಿರದ ನಮ್ಮೂರ ಕೆರೆಯಲ್ಲಿ, ನಾವಿಬ್ಬರೂ ಬಾಳೆದಿಂಡಿನ ತೆಪ್ಪ ಕಟ್ಟಿ, ಅಪ್ಪನ ಪಂಚೆಯನ್ನು ಗಾಳಿಗೆ ಹಿಡಿದು ಆಚೆ ದಡಕ್ಕೆ ಹೊರಡುತ್ತಿದ್ದೆವು. ಪ್ರತಿ ಸಲವೂ ಮುಳುಗುತ್ತಿದ್ದೆವು. ಪಂಚೆ ಕಳೆದದ್ದಕ್ಕೆ ಏಟು ಬೀಳುತ್ತಿದ್ದುದು ಮಾತ್ರ ಅಣ್ಣನಿಗೆ.

"ನೀನು ಓದಿ ದೊಡ್ಡೋನಾದ್ಮೇಲೆ ಒಂದು ಹಾಯಿದೋಣಿ ಮಾಡ್ಲಾ. ಹುಟ್ಟು ಹಾಕ್ದೆ, ಬರೀ ಗಾಳೀಲೇ ಆ ದಡ ಮುಟ್ಟನ," ಎಂದಿದ್ದ ಬೆನ್ನು ಸವರಿಕೊಳ್ಳುತ್ತಾ. ಅಷ್ಟೆಲ್ಲ ಮಾಡಿದವನು ಜೀವನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ.

ಆಮೇಲೆ ಕೆರೆ ತುಂಬುವುದನ್ನೇ ಮರೆಯಿತು. ನಾನು ಮೇಷ್ಟ್ರಾದೆ, ರಿಟೈರೂ ಆದೆ. ಈ ವರ್ಷ ಇದ್ದಕ್ಕಿದ್ದಂತೆ ಕೆರೆ ಕೋಡಿ ಬಿತ್ತು! ಗದ್ದೆಗೆ ತೂಬು ಎತ್ತಿದರೆ ನೀರು ಇಳಿಯುತ್ತದೆ. ಅದಕ್ಕೆ ಇನ್ನೊಂದೇ ವಾರವಿತ್ತು. ಅಣ್ಣನ ಮಂಡಿಗಳೂ ಸಾಕಷ್ಟು ಸವೆದಿದ್ದವು. ಈಗಿಲ್ಲದಿದ್ದರೆ ಇನ್ನಿಲ್ಲ ಎಂದು ಹೊರಟೆ.

ಮೀನು ಹಿಡಿಯುವವರಿಂದ ಹಳೇ ಫೈಬರ್ ದೋಣಿ ಕೇಳಿ ತಂದೆ. ನೀಲಗಿರಿ ಗಳ ಹಾಯಿಗಂಬವಾಯಿತು. ಹಲಗೆಯೊಂದು ಚುಕ್ಕಾಣಿಯಾಯಿತು. ರಾಗಿ ಒಣಹಾಕುವ ನೀಲಿ ಟಾರ್ಪಾಲು ಹಾಯಿಯಾಯಿತು.

"ಇನ್ನು ರಾಗೀನ ಎಲ್ಲಿ ಒಣಗಾಕನ? ನಿಮ್ ತಲೆ ಮೇಲಾ?" ಎಂದಳು ನನ್ನ ಹೆಂಡತಿ ಸಾವಿತ್ರಿ. ವಿಜ್ಞಾನಿಗಳು ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಉಳಿದದ್ದು ಲಂಗರು. ಅಣ್ಣ ಕೊಟ್ಟಿಗೆಯ ಮೂಲೆಯಿಂದ ತನ್ನ ಕಬ್ಬಿಣದ ನೇಗಿಲನ್ನು ಎಳೆದು ತಂದ. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೂ ನಿವೃತ್ತಿಯಾಗಿತ್ತು.

"ಇದಕ್ಕೊಂದು ಹಗ್ಗ ಕಟ್ಟು, ಸಾಕು."

"ಹಗ್ಗದಲ್ಲಿ ಏನಾಯ್ತದೆ ಅಣ್ಣ? ಸರಪಳಿ ತೂಕ ಇದ್ರೇನೇ ಲಂಗರು ನೆಲ ಕಚ್ಚೋದು!"

ಮೂರು ದಿನ ಫೋನಿನಲ್ಲಿ ಓದಿದ್ದೆ. ಸುಳ್ಳೇನಲ್ಲ, ಸಮುದ್ರದ ಮಟ್ಟಿಗೆ ಪೂರ್ತಿ ನಿಜ. ನಮ್ಮ ಕೆರೆಯ ಆಳ ಎರಡಾಳು!

ರಾಮನಗರದ ಗುಜರಿ ಅಂಗಡಿಯಲ್ಲಿ ತಕ್ಕ ಸರಪಳಿ ಸಿಕ್ಕಿತು. ಕ್ವಾರಿಯಲ್ಲಿ ಕಲ್ಲಿನ ದಿಮ್ಮಿ ಎತ್ತುತ್ತಿದ್ದದ್ದು. ಒಂದೊಂದು ಕೊಂಡಿಯೂ ನನ್ನ ಮುಷ್ಟಿಯಷ್ಟು, ಒಟ್ಟು ತೂಕ ಒಂದು ರಾಗಿ ಮೂಟೆಯಷ್ಟು. ಆಟೋದವನು ಕೇಳಿದ, "ಆನೆ ಏನಾದ್ರೂ ಸಾಕಿದ್ದೀರಾ ಸಾರ್?"

ಹೊರಡುವ ದಿನ ಸಾವಿತ್ರಿ ಅಡ್ಡ ನಿಂತಳು. "ಬೈಕ್ ತಗಂಡಾಗ ಕೆಂಗಲ್ ಗುಡಿವರ್ಗೂ ಹೋಗಿ ಪೂಜೆ ಮಾಡಿಸ್ಲಿಲ್ವಾ? ಇದೇನು ಗಾಡಿ ಅಲ್ವಾ?"

ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡಬೇಕೆಂಬ ಬಗ್ಗೆ ಗಂಭೀರ ಚರ್ಚೆ ನಡೆದು, ಕೊನೆಗೆ ದೋಣಿಯ ತಳಕ್ಕೇ ಇಟ್ಟೆವು. ಸರಪಳಿಯ ಒಂದು ತುದಿ ನೇಗಿಲಿಗಿತ್ತು; ದೋಣಿಗೆ ಬಿಗಿದಿದ್ದ ಇನ್ನೊಂದು ತುದಿಯನ್ನು ನಾನು ಬಿಚ್ಚಿಕೊಟ್ಟೆ. ಅವಳು ಅದನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿದಳು. ನಾನು ಭಕ್ತಿಯಿಂದ ಕೈಮುಗಿದು ಅಣ್ಣನೊಂದಿಗೆ ದೋಣಿ ಹತ್ತಿದೆ.

ಚಿತ್ರಗಳಲ್ಲೆಲ್ಲ ಲಂಗರು ದೋಣಿಯ ಮೂತಿಯಲ್ಲಿರುತ್ತದೆ. ನಾನೂ ಸರಪಳಿಯನ್ನು ಮೂತಿಯಲ್ಲೇ ಗುಡ್ಡೆ ಹಾಕಿದ್ದೆ. ದೋಣಿ ಕಲಗಚ್ಚಿಗೆ ಬಾಯಿಟ್ಟ ಹಸುವಿನಂತೆ ಮುಖ ತಗ್ಗಿಸಿತು. ಹಿಂಭಾಗ ಎದ್ದು ಚುಕ್ಕಾಣಿ ನೀರು ಬಿಟ್ಟು ಮೇಲೆ ಬಂತು. ಗಾಳಿಯಲ್ಲಿರುವ ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೇನು? ಬಂದ ಅಲೆಯೆಲ್ಲ ಒಳಗೇ ಬಂತು.

"ಏನ್ಲಾ, ಕೆರೇನ ಇದ್ರೊಳಕ್ಕೆ ತುಂಬ್ತಾ ಇದ್ದೀಯ?" ಎಂದ ಅಣ್ಣ, ಚೊಂಬಿನಲ್ಲಿ ನೀರು ಮೊಗೆದು ಚೆಲ್ಲುತ್ತಾ.

ಸರಪಳಿಯನ್ನು ಹಿಂದಕ್ಕೆ ಎಳೆದು ಹಾಕಿದೆ. ಈಗ ಮೂತಿ ಆಕಾಶ ನೋಡಿತು. ಗಾಳಿ ಆ ಮೂತಿಯನ್ನೇ ಹಿಡಿದು ದೋಣಿಯನ್ನು ಗಿರಗಿರನೆ ಸುತ್ತಿಸಿತು. ದಡದಲ್ಲಿ ನಿಂತ ಸಾವಿತ್ರಿ ಮೂರು ಸಲ ಕಂಡಳು. ಮೂರು ಸಲವೂ ನಗುತ್ತಿದ್ದಳು.

"ಪ್ರದಕ್ಷಿಣೆ ಸಾಕು, ಹೊರಡಿ!" ಎಂದು ಕೂಗಿದಳು.

ಕೊನೆಗೆ ಸರಪಳಿಯನ್ನು ನಟ್ಟನಡುವೆ ಹಾಕಿದೆ. ಶಾಸ್ತ್ರದ ಪ್ರಕಾರ ಅದೇ ಸರಿಯಾದ ಜಾಗ. ದೋಣಿ ನೆಟ್ಟಗಾಯಿತು. ನೆಟ್ಟಗೆ, ಅಂಚಿನವರೆಗೂ ನೀರಿನಲ್ಲಿ ಕೂತಿತು! ಟಾರ್ಪಾಲು ಎಷ್ಟು ಉಬ್ಬಿದರೂ ಇರುವೆಯ ನಡಿಗೆ. ನೀರುಕೋಳಿಯೊಂದು ನಮ್ಮನ್ನು ಹಿಂದೆ ಹಾಕಿ ಈಜಿಕೊಂಡು ಹೋಯಿತು. ಹೀಗೇ ಒಂದು ಗಂಟೆ ತೆವಳಿ ಕೆರೆಯ ನಡುವಿಗೆ ಬಂದೆವು.

"ಹೋಗ್ಲಿ ಬುಡ್ಲಾ," ಎಂದ ಅಣ್ಣ ಮೆಲ್ಲಗೆ. "ಮುಳುಗ್ದೆ ಅರ್ಧಕ್ಕೆ ಬಂದ್ವಲ್ಲ. ಅಷ್ಟೇ ಸಾಕು."

ಏಟು ತಿಂದವನೂ ಅವನೇ, ಸಮಾಧಾನ ಹೇಳುವವನೂ ಅವನೇ. ಅಷ್ಟರಲ್ಲಿ ದೋಣಿ ಪಕ್ಕಕ್ಕೆ ಜಾರುತ್ತಾ ಕೋಡಿಯ ಕಡೆ ತಿರುಗಿತು. ಲಂಗರು ಹಾಕಿ ನಿಂತು ಯೋಚಿಸೋಣವೆಂದು ನೇಗಿಲನ್ನು ನೀರಿಗೆ ಬಿಟ್ಟೆ.

ನೇಗಿಲು ಮುಳುಗಿತು. ಹಿಂದೆಯೇ ಸರಪಳಿ ಗಡಗಡನೆ ಓಡಿತು. ಇಳಿದ ಕೊಂಡಿಗಳ ಭಾರ ಉಳಿದವನ್ನೂ ಎಳೆದುಕೊಂಡಿತು. ಕಟ್ಟಕಡೆಗೆ ಕುಂಕುಮ ಹಚ್ಚಿದ ತುದಿ ನನ್ನ ಕಣ್ಣೆದುರೇ ಅಂಚು ದಾಟಿ... ಡುಳುಂ! ಪೂಜೆಗೆ ಬಿಚ್ಚಿದ್ದನ್ನು ನಾನು ಮತ್ತೆ ಕಟ್ಟಿಯೇ ಇರಲಿಲ್ಲ.

ಭಾರ ಕಳೆದ ದೋಣಿ ಚಂಗನೆ ಮೇಲೆದ್ದಿತು. ಟಾರ್ಪಾಲು ಫಟ್ಟೆಂದು ಬಿಗಿಯಿತು. ಚುಕ್ಕಾಣಿ ಮೊದಲ ಬಾರಿಗೆ ನನ್ನ ಮಾತು ಕೇಳಿತು. ನೀರು ಸೀಳುತ್ತಾ ಹೊರಟೆವು ನೋಡಿ!

"ಹೋಯ್ತಾ ಐತೆ ಕಣ್ಲಾ! ಹೋಯ್ತಾ ಐತೆ!" ಅಣ್ಣನ ಗಂಟಲಿನಿಂದ ಹನ್ನೆರಡು ವರ್ಷದ ಹುಡುಗ ಕೂಗುತ್ತಿದ್ದ.

"ಅಣ್ಣ, ನಿನ್ ನೇಗಿಲು..."

"ಕೆರೆ ತಳ ಉತ್ಕಂಡಿರ್ಲಿ ಬುಡು!"

ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತೇನೆ: ನಾನು ಕಷ್ಟಪಟ್ಟು ತಂದದ್ದು ಮುಳುಗಿದ ಮೇಲೆಯೇ ದೋಣಿ ಓಡಿತು. ಆದರೆ ಈಗ ನಿಲ್ಲಿಸುವುದು ಹೇಗೆ? ನಿಲ್ಲಿಸುವ ಸಾಧನ ಹಿಂದೆ ಉಳುಮೆಗೆ ಹೋಗಿತ್ತು! ದೋಣಿ ಜೊಂಡು ಸೀಳಿ, ಆಚೆ ದಡದ ಕೆಸರಿಗೆ ಮೂತಿ ನೆಟ್ಟಿತು. ಹಾಯಿಗಂಬ ತಬ್ಬಿಕೊಂಡಿದ್ದ ಅಣ್ಣ ದೋಣಿಯಲ್ಲೇ ಉಳಿದ. ನಾನು ಭೌತಶಾಸ್ತ್ರದ ನಿಯಮಕ್ಕೆ ಬದ್ಧನಾಗಿ, ಮುಂದಕ್ಕೆ ಚಲಿಸುತ್ತಲೇ ಇದ್ದೆ.

ದಡದಲ್ಲಿ ಎಮ್ಮೆ ತೊಳೆಯಲು ಬಂದಿದ್ದ ಹೆಂಗಸೊಬ್ಬಳು ಬಾಯಿ ಬಿಟ್ಟು ನೋಡುತ್ತಿದ್ದಳು. "ಯಾರಣ್ಣೋ ಈ ದೋಣಿ ಮಾಡಿದ್ದು? ಗಾಳೀಲೇ ಬಂದ್ಬುಡ್ತಲ್ಲ!"

"ನನ್ ತಮ್ಮ ಕಣವ್ವ. ಭಾರೀ ಬುದ್ವಂತ," ಎಂದ ಅಣ್ಣ, ಎದೆಯುಬ್ಬಿಸಿ.

"ಎಲ್ಲವ್ರೆ?"

ಅಣ್ಣ ಕೈ ತೋರಿಸಿದ. ನಾನು ಅವಳ ಎಮ್ಮೆಯ ಮಗ್ಗುಲಲ್ಲಿ, ಕುತ್ತಿಗೆವರೆಗೂ ಕೆಸರಿನಲ್ಲಿ, ತಲೆಯ ಮೇಲೆ ಜೊಂಡು ಹೊತ್ತು ಕೂತಿದ್ದೆ. ಆ ಹೆಂಗಸು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಎಮ್ಮೆಯನ್ನು ನೋಡಿದಳು.

"ಇದ್ರಲ್ಲಿ ಯಾವ್ದು?" ಎಂದಳು.