ಪರಮಪೂಜ್ಯ ಮುರೊಯಿಯವರ ಎಚ್ಚರಿಕೆ ಪತ್ರ

ಕಳ್ಳಪತ್ರದಲ್ಲಿ ಮರ್ಯಾದೆಯ ಮಾತು ತಪ್ಪಿತ್ತು. ಸೊಮೆಯಾನ ದಿನ ಕೆಡಲು ಅಷ್ಟು ಸಾಕಾಯಿತು.

ಜಪಾನಿನ ನಾಗಾಓಕಾದ ಮುರೊಯಿ ಸೆಂಬೆ ಕಂಪನಿಗೆ ಡಿಸೆಂಬರ್ ಎಂದರೆ ಉಸಿರಾಡಲು ಬಿಡುವಿಲ್ಲದ ತಿಂಗಳು. ವರ್ಷದ ಕೊನೆಯ ಉಡುಗೊರೆಗೆಂದು ಊರೂರಿನವರು ಇಲ್ಲಿನ ಸೆಂಬೆ ಎಂಬ ಸುಟ್ಟ ಅಕ್ಕಿ ಬಿಸ್ಕತ್ತಿನ ಡಬ್ಬಿಗಳನ್ನೇ ಕಳಿಸುತ್ತಾರೆ. ಆ ಹೊತ್ತು ನೋಡಿಕೊಂಡು ಯಾರೋ ಕಂಪನಿಯ ಹೆಸರು, ಮುದ್ರೆ ಎಲ್ಲ ಅಂಟಿಸಿ ಗಿರಾಕಿಗಳಿಗೆ ಇಮೇಲ್ ಬಿಟ್ಟಿದ್ದರು: ‘ನಿನ್ನ ಡಬ್ಬಿ ದಾರಿಯಲ್ಲಿ ನಿಂತಿದೆ. ಇಲ್ಲಿ ಒತ್ತಿ ಕಾರ್ಡ್ ನಂಬರ್ ಕೊಡು.’ ಒಬ್ಬ ಅಜ್ಜಿ ಕೊಟ್ಟೂಬಿಟ್ಟಿದ್ದಳು.

ಯಜಮಾನ ಮುರೊಯಿ ಬೆಳಿಗ್ಗೆಯೇ ಗುಮಾಸ್ತ ಸೊಮೆಯಾನನ್ನು ಕರೆಸಿದರು. ಆಫೀಸಿನಲ್ಲಿ ಪ್ರಿಂಟರಿನ ಶಾಯಿ ಬದಲಿಸಲು ಬರುತ್ತಿದ್ದವನು ಅವನೊಬ್ಬನೇ. ಹಾಗಾಗಿ ಕಂಪ್ಯೂಟರಿನ ಕಳ್ಳರೂ ಅವನ ಪಾಲಿಗೇ ಬಂದರು.

“ಎಲ್ಲಾ ಗಿರಾಕಿಗಳ್ಗೂ ಇವತ್ತೇ ಎಚ್ಚರಿಕೆ ಹೋಗ್ಬೇಕು. ಇನ್ನೊಬ್ರು ಮೋಸಹೋದ್ರೆ ಹೊಸವರ್ಷಕ್ಕೆ ನೀನು ಸಾದೋ ದ್ವೀಪದ ಗೋದಾಮಲ್ಲಿರ್ತೀಯ.”

ಹಡಗಿನ ಚಿತ್ರ ನೋಡಿದರೂ ಸೊಮೆಯಾನಿಗೆ ಹೊಟ್ಟೆ ತೊಳಸುತ್ತಿತ್ತು. ಮೇಲಾಗಿ ಹೆಂಡತಿ ಮೊನ್ನೆಯಷ್ಟೇ ಪೇಟೆಯಲ್ಲಿ ಹೊಲಿಗೆ ಅಂಗಡಿ ತೆರೆದಿದ್ದಳು. ಕೂತವನೇ ಬರೆದ: ‘ನಮ್ಮ ಹೆಸರಿನಲ್ಲಿ ಕಳ್ಳಪತ್ರಗಳು ಬರುತ್ತಿವೆ. ಅವುಗಳಲ್ಲಿ ಮರ್ಯಾದೆಯ ಮಾತು ತಪ್ಪಿರುತ್ತದೆ. ತಪ್ಪು ಕಂಡರೆ ದಯವಿಟ್ಟು ಅಳಿಸಿಬಿಡಿ. ಇಂತಿ, ಮುರೊಯಿ.’

ಹಾಗೇ ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೇಲಿನವರ ಮೊಹರು ಬೀಳದೆ ಆ ಕಂಪನಿಯಿಂದ ಒಂದು ಚೀಟಿಯೂ ಹೊರಗೆ ಹೋಗುವಂತಿಲ್ಲ.

ವಿಭಾಗದ ಮುಖ್ಯಸ್ಥ ತೊಗಾಶಿ ಓದಿ ಹುಬ್ಬೇರಿಸಿದ. “ಬರೀ ‘ಮುರೊಯಿ’ ಅಂತ ಬರ್ದಿದ್ಯಲ್ಲೋ! ಅವರೇನು ನಿನ್ ಜೊತೆ ಗೋಲಿ ಆಡಿದೋರಾ?” ಎಂದು ಹೆಸರಿನ ಮುಂದೆ ‘ಪರಮಪೂಜ್ಯ’ ಎಂದು ಸೇರಿಸಿ ಮೊಹರು ಒತ್ತಿದ.

ಪ್ಯಾಕಿಂಗ್ ಹೆಂಗಸರ ಹಿರಿಯಳು ಒಗಿನೊ ಬಗ್ಗಿ ನೋಡಿದಳು. “ಅಯ್ಯೋ, ಹೊರಗಿನೋರ ಮುಂದೆ ನಮ್ಮ ಯಜಮಾನ್ರನ್ನ ನಾವೇ ಪೂಜ್ಯ ಅನ್ನೋದಾ? ನಮ್ಮೋರನ್ನ ತಗ್ಗಿಸಿಯೇ ಹೇಳ್ಬೇಕು. ನಮ್ಮನೆ ಮೊಮ್ಮಗನ್ಗೂ ಗೊತ್ತು ಇದು. ಹೊಡೆದು ಹಾಕಪ್ಪ!”

“ನೀವೇ ಹೊಡೆದು ಹಾಕಿ, ಅಕ್ಕ. ಯಜಮಾನ್ರು ನಿಮ್ಮ ಹಿಂದೇ ನಿಂತಿದಾರೆ,” ಎಂದ ಸೊಮೆಯಾ.

ಒಗಿನೊ ಹಿಂದೆ ತಿರುಗಲಿಲ್ಲ. “ಎಷ್ಟ್ ಚೆನ್ನಾಗಿದೆ ಪತ್ರ!” ಎಂದು ತಾನೂ ಮೊಹರು ಒತ್ತಿ, ನೀರಿಗೆ ಬಿದ್ದ ಬೆಕ್ಕಿನ ಹಾಗೆ ಗೋಡೆ ಹಿಡಿದುಕೊಂಡು ಹೊರಟುಹೋದಳು. ಯಜಮಾನರು ‘ಪರಮಪೂಜ್ಯ’ವನ್ನು ಎರಡು ಸಲ ಓದಿ ಗಂಟಲು ಸರಿಮಾಡಿಕೊಂಡರು. ಪತ್ರ ಹೋಯಿತು.

ಹತ್ತು ನಿಮಿಷಕ್ಕೆ ಫೋನುಗಳು ಶುರುವಾದವು.

“ನಿಮ್ ಹೆಸ್ರಲ್ಲಿ ಇನ್ನೊಂದು ಕಳ್ಳಪತ್ರ ಬಂದಿದೆ ಕಣ್ರೀ! ತಮ್ಮ ಯಜಮಾನನ್ನ ತಾವೇ ಪೂಜ್ಯ ಅಂದ್ಕೊಂಡಿದಾರೆ. ಯಾವ ಕಾಡಿಂದ ಬಂದೋನೋ ಬರ್ದೋನು!”

“ತಿಳಿಸಿದ್ದು ದೊಡ್ಡ ಉಪಕಾರವಾಯ್ತು,” ಎಂದು ಸೊಮೆಯಾ ಫೋನು ಹಿಡಿದೇ ಗೋಡೆಗೆ ತಲೆಬಾಗಿದ. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದಿತ್ತು.

“ಇನ್ಮೇಲೆ ನಿಮ್ ಹೆಸ್ರಲ್ಲಿ ಏನೇ ಬರ್ಲಿ, ನಾವು ತೆರೆಯೋದೇ ಇಲ್ಲ ಬಿಡಿ,” ಎಂದರು ಎಲ್ಲರೂ.

ಸೊಮೆಯಾನಿಗೆ ಒಳಗೊಳಗೇ ಸಮಾಧಾನ. ತೆರೆಯದವರು ಮೋಸಹೋಗುವುದಾದರೂ ಹೇಗೆ?

ನಾಲ್ಕು ಗಂಟೆಗೆ ಯಜಮಾನರು ಫೋನು ಹಿಡಿದು ಬಂದರು. ಮುಖ ಆಗತಾನೇ ಒಲೆಯಿಂದ ತೆಗೆದ ಸೆಂಬೆಯ ಹಾಗೆ ಹೊಳೆಯುತ್ತಿತ್ತು. “ಸೊಮೆಯಾ! ಈಗ ನಮ್ಮ ಹೆಸರಲ್ಲಿ ಕಳಿಸಿದ್ಯಲ್ಲ, ಅದು ಬರವಣಿಗೆ! ‘ಬೆಳಗಿನ ಪತ್ರದಲ್ಲಾದ ಅವಿನಯಕ್ಕೆ ತಮ್ಮ ಪಾದಕ್ಕೆ ತಲೆಬಾಗಿ ಕ್ಷಮೆ ಬೇಡುತ್ತೇವೆ. ಒಂದು ಡಬ್ಬಿ ಸೆಂಬೆಯನ್ನು ತಾವು ದಯಮಾಡಿ ಸ್ವೀಕರಿಸಬೇಕು.’ ಒಂದಕ್ಷರ ತಪ್ಪಿಲ್ಲ. ಕಣ್ಣಲ್ಲಿ ನೀರು ಬಂತು ಕಣೋ.”

“ಯಜಮಾನ್ರೇ, ಇದು ನಾನು ಬರೆದದ್ದಲ್ಲ.”

“ವಿನಯ ಸಾಕು.”

“ಅಲ್ಲಿ ಕೆಳಗಡೆ… ಒತ್ತಿದ್ರಾ?”

“ಒತ್ತದೆ? ಡಬ್ಬಿ ಸರಿಯಾಗಿ ತಲುಪುತ್ತೋ ಇಲ್ವೋ ನೋಡೋಣ ಅಂತ ನನ್ ಕಾರ್ಡ್ ನಂಬರ್ರೇ…”

ಇಬ್ಬರೂ ಬ್ಯಾಂಕಿಗೆ ಫೋನು ಮಾಡಿದರು. ಆಗಲೇ ತಡವಾಗಿತ್ತು.

ಆಫೀಸು ಬಿಡುವ ವೇಳೆಗೆ ಯಜಮಾನರು ಬಾಗಿಲು ಮುಚ್ಚಿ ಸೊಮೆಯಾನನ್ನು ಎದುರಿಗೆ ಕೂರಿಸಿಕೊಂಡರು.

“ಆ ಅಜ್ಜಿ ಬಿಟ್ರೆ ಗಿರಾಕಿಗಳಲ್ಲಿ ಇನ್ಯಾರಾದ್ರೂ ಮೋಸಹೋದ್ರಾ?”

“ಒಬ್ಬರೂ ಇಲ್ಲ.”

“ಇವತ್ತು ಮೋಸಹೋದೋರು ಯಾರು ಅಂತ ಯಾರ್ಯಾರಿಗೆ ಗೊತ್ತು?”

“ನನಗೊಬ್ಬನಿಗೇ, ಯಜಮಾನ್ರೇ. ಸತ್ರೂ ಬಾಯಿ ಬಿಡಲ್ಲ.”

ಯಜಮಾನರು ಎದ್ದು ನಿಂತು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಅವನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು.

“ಇಂಥ ನಂಬಿಕಸ್ತನಿಗೆ ಬಡ್ತಿ ಕೊಡ್ದಿದ್ರೆ ಹೇಗೆ? ಇನ್ಮೇಲೆ ನೀನು ಮ್ಯಾನೇಜರ್,” ಎಂದು ಆಜ್ಞೆಯ ಕಾಗದಕ್ಕೆ ಮೊಹರು ಒತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. “ಸಾದೋಗೆ ಸೋಮವಾರ ಬೆಳಿಗ್ಗೆ ಹಡಗು.”